ಮೊದಲ ಜಿಗಿತಕ್ಕೆ ಮುನ್ನ ಕೇಳಬೇಕಾದದ್ದು
ಸ್ಕೈಡೈವಿಂಗ್, ಅಂದರೆ ವಿಮಾನದಿಂದ ಜಿಗಿದು ಪ್ಯಾರಾಚೂಟ್ ಬಿಚ್ಚಿ ಇಳಿಯುವ ಸಾಹಸಕ್ರೀಡೆಯ ಕುರಿತ ಲೇಖನವೊಂದನ್ನು ಓದಿದೆ. ಮೊದಲ ಬಾರಿ ಜಿಗಿಯಲು ಧೈರ್ಯವೊಂದಿದ್ದರೆ ಸಾಕು ಎಂಬ ಅದರ ಲೇಖಕರ ಮಾತನ್ನು ನಾನು ಒಪ್ಪಲಾರೆ. ಹೊಸಬರು ಸಾಮಾನ್ಯವಾಗಿ ಟ್ಯಾಂಡಮ್ ವಿಧಾನದಲ್ಲಿ, ಅಂದರೆ ತರಬೇತುದಾರರ ಎದೆಗೆ ಬೆನ್ನು ತಾಗುವಂತೆ ಪಟ್ಟಿಗಳಿಂದ ಬಿಗಿಸಿಕೊಂಡು ಜಿಗಿಯುವುದರಿಂದ, ಪ್ಯಾರಾಚೂಟ್ ಬಿಚ್ಚುವ ಹೊಣೆಯೆಲ್ಲ ತರಬೇತುದಾರರದ್ದೇ ಆಗಿರುತ್ತದೆ. ಆದ್ದರಿಂದ ಅವರ ಅನುಭವವನ್ನು ವಿಚಾರಿಸುವುದೇ ಮೊದಲ ಕೆಲಸ. ಅಮೆರಿಕದ ಪ್ಯಾರಾಚೂಟ್ ಸಂಘವು ಟ್ಯಾಂಡಮ್ ತರಬೇತುದಾರರಿಗೆ ಕನಿಷ್ಠ 500 ಜಿಗಿತಗಳ ಅನುಭವವನ್ನು ಕಡ್ಡಾಯಗೊಳಿಸಿದೆ. ಮೈಸೂರಿನಲ್ಲಿ ಶಿಬಿರ ನಡೆದಾಗ ಹೋಗುವವರೂ ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಮೀಸಲು ಪ್ಯಾರಾಚೂಟನ್ನು ಕೊನೆಯದಾಗಿ ಪರಿಶೀಲಿಸಿ ಮಡಚಿದ್ದು ಯಾವಾಗ, ನಿಗದಿತ ಎತ್ತರಕ್ಕಿಂತ ಕೆಳಗೂ ವೇಗವಾಗಿ ಬೀಳುತ್ತಿದ್ದರೆ ಅದನ್ನು ತಾನಾಗಿಯೇ ಬಿಚ್ಚುವ ಸಾಧನ ಅಳವಡಿಸಿದೆಯೇ ಎಂಬುದನ್ನೂ ತಿಳಿದುಕೊಳ್ಳಬೇಕು. ಉತ್ತರಿಸಲು ಬೇಸರಪಡುವ ಆಯೋಜಕರಿಗೆ ಹಣ ಕಟ್ಟದಿರುವುದೇ ಲೇಸು.

ದೇಹದ ವಿಚಾರವನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ಕೊರತೆಯೆನಿಸಿತು. ಹತ್ತು ಸಾವಿರ ಅಡಿಯಿಂದ ಜಿಗಿದವರು ಸುಮಾರು ಅರ್ಧ ನಿಮಿಷ, ಗಂಟೆಗೆ 200 ಕಿಲೋಮೀಟರ್ ಸಮೀಪದ ವೇಗದಲ್ಲಿ ಬೀಳುತ್ತಾರೆ. ನೆಗಡಿಯಿಂದ ಮೂಗು ಕಟ್ಟಿದ್ದರೆ, ಗಾಳಿಯ ಒತ್ತಡ ಅಷ್ಟು ಬೇಗ ಏರುವಾಗ ಕಿವಿ ಅದಕ್ಕೆ ಹೊಂದಿಕೊಳ್ಳಲಾರದೆ ತೀವ್ರವಾಗಿ ನೋಯಬಹುದು. ಅಂಥ ದಿನ ಜಿಗಿತವನ್ನು ಮುಂದೂಡುವುದೇ ಸರಿ. ಇಳಿಯುವ ಗಳಿಗೆಯಲ್ಲಿ ಎರಡೂ ಕಾಲುಗಳನ್ನು ನೀಳವಾಗಿ ಮುಂದಕ್ಕೆತ್ತಿ ಹಿಡಿಯಬೇಕಾಗುತ್ತದೆ, ಇಲ್ಲವಾದರೆ ಪಾದ ಮೊದಲು ನೆಲಕ್ಕೆ ಸಿಕ್ಕಿ ಕಣಕಾಲು ಉಳುಕುವ ಅಪಾಯವಿದೆ. ಕುರ್ಚಿಯಲ್ಲಿ ಕುಳಿತು ಹಾಗೆ ಕಾಲೆತ್ತಲು ಸಾಧ್ಯವೇ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಮಂಡಿ, ಬೆನ್ನು ಅಥವಾ ಹೃದಯದ ತೊಂದರೆ ಇರುವವರು ಗೆಳೆಯರ ಒತ್ತಾಯಕ್ಕೆ ಮಣಿಯದೆ, ಮೊದಲು ತಮ್ಮ ವೈದ್ಯರನ್ನು ಕಾಣಬೇಕೆಂದು ಕಳಕಳಿಯಿಂದ ಕೋರುತ್ತೇನೆ.