ಸ್ಪಷ್ಟನೆ: ಸಮುದ್ರದ ಬ್ಯಾಕ್ಟೀರಿಯಾ ಪುಡಿಯಿಂದ ಡೀಸೆಲ್ ರಾತ್ರೋರಾತ್ರಿ ಮಾಯವಾಗುವುದಿಲ್ಲ

"ಎಣ್ಣೆ ತಿನ್ನುವ ಸಮುದ್ರದ ಬ್ಯಾಕ್ಟೀರಿಯಾ ಪುಡಿ ಎರಚಿ, ಚೆಲ್ಲಿದ ಡೀಸೆಲ್ ಬೆಳಗಾಗುವುದರೊಳಗೆ ಮಾಯ" ಎಂಬ ಸಂದೇಶ ದಾವಣಗೆರೆಯ ಗ್ಯಾರೇಜ್, ರೈತರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಂಬಬೇಡಿ.

ಅಂಥ ಬ್ಯಾಕ್ಟೀರಿಯಾ ಇರುವುದು ನಿಜ. ಆಲ್ಕನಿವೊರಾಕ್ಸ್ ಬೋರ್ಕುಮೆನ್ಸಿಸ್ ಕಡಲಲ್ಲಿ ತಾನಾಗಿಯೇ ಇದೆ. ಆದರೆ ಅದಕ್ಕೆ ಉಪ್ಪುನೀರು ಬೇಕು, ನಮ್ಮ ಎರೆಮಣ್ಣಲ್ಲ. ಕಡಲಲ್ಲೂ ಕೆಲಸ ವಾರ, ತಿಂಗಳುಗಟ್ಟಲೆ ನಡೆಯುತ್ತದೆ. ಡಾಂಬರಿನಂಥ ಭಾರದ ಅಂಶ ಬಹುಪಾಲು ಉಳಿದೇಬಿಡುತ್ತದೆ. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಎಣ್ಣೆ ಅಲಾಸ್ಕಾದ ದಡಕ್ಕೆ ಬಡಿದಾಗ ಅಲ್ಲಿ ಮುಖ್ಯವಾಗಿ ಹಾಕಿದ್ದು ಗೊಬ್ಬರ. ಬ್ಯಾಕ್ಟೀರಿಯಾ ಮೊದಲೇ ಅಲ್ಲಿತ್ತು.

ಸೂಡೊಮೊನಾಸ್‌ನಂಥ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ನಮ್ಮ ಹೊಲದ ಮಣ್ಣಲ್ಲೂ ಇವೆ. ಅವಕ್ಕೆ ಸಾಲದೆ ಬರುವುದು ಸಾರಜನಕ, ರಂಜಕ, ಗಾಳಿ. ಪಂಪ್‌ಸೆಟ್ ಬಳಿ ಡೀಸೆಲ್ ಚೆಲ್ಲಿದರೆ ಬೀಡಿ, ಬೆಂಕಿ ದೂರವಿಟ್ಟು ಮೊದಲು ಸುತ್ತ ಮಣ್ಣಿನ ಬದು ಹಾಕಿ, ಮರದ ಪುಡಿ ಹರಡಿ ಹೀರಿಸಿ ತೆಗೆಯಿರಿ. ನೀರು ಹೊಯ್ದು ಚರಂಡಿಗೆ ತಳ್ಳಲೇಬೇಡಿ. ಮಣ್ಣಲ್ಲಿ ಉಳಿದ ಪ್ರತಿ ಲೀಟರಿಗೆ ಸುಮಾರು 150 ಗ್ರಾಂ ಯೂರಿಯಾ, 35 ಗ್ರಾಂ ಡಿಎಪಿ ಲೆಕ್ಕ. ಅದನ್ನು ಮೂರು ಕಂತಿನಲ್ಲಿ ಕೊಡಿ, ಒಮ್ಮೆಲೇ ಸುರಿದರೆ ಅಮೋನಿಯಾ ಹೆಚ್ಚಿ ಬ್ಯಾಕ್ಟೀರಿಯಾವೇ ಸಾಯುತ್ತದೆ. ಹದವಾಗಿ ತೇವವಿಟ್ಟು ವಾರಕ್ಕೊಮ್ಮೆ ಮಗುಚಿ. ಕೆಸರಾದರೆ ಗಾಳಿಯಾಡದೆ ಕೆಲಸ ನಿಲ್ಲುತ್ತದೆ. ಇಷ್ಟಾದರೂ ತಿಂಗಳುಗಳೇ ಬೇಕು.

ಗ್ಯಾರೇಜಿನ ಹಳೇ ಎಂಜಿನ್ ಆಯಿಲ್‌ಗೆ ಈ ಉಪಾಯ ಬೇಡ. ಅದರಲ್ಲಿರುವ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ಕರಗಿಸಿ ಇಲ್ಲವಾಗಿಸದು. ಡ್ರಮ್ಮಿನಲ್ಲಿ ತುಂಬಿಟ್ಟು ಪರವಾನಗಿ ಇರುವ ಮರುಬಳಕೆದಾರರಿಗೇ ಕೊಡಿ. ಬಾವಿಗೆ ಡೀಸೆಲ್ ಇಳಿದಿದ್ದರೆ ಪುಡಿ ಹಾಕಿ ಕಾಯಬೇಡಿ, ಆ ನೀರು ಕುಡಿಯುವುದನ್ನು ತಕ್ಷಣ ನಿಲ್ಲಿಸಿ.