ಹತ್ತಿದವರಿಗೆ ಕಾಣದ ರೈಲು

ಬೆಟ್ಟದ ರೈಲಿನ ಮೇಲೆ ನನಗೊಂದು ತೀರದ ತಕರಾರಿದೆ. ಅದನ್ನು ಕಣ್ತುಂಬ ನೋಡಬೇಕೆಂದರೆ ಅದರೊಳಗೆ ಕೂರಬಾರದು. ಕೂತರೆ ಅದು ಕಾಣುವುದಿಲ್ಲ. ಬಸ್ಸಿನ ವಿಷಯದಲ್ಲಿ ಯಾರಿಗೂ ಈ ಸಂಕಟವಿಲ್ಲ, ಏಕೆಂದರೆ ರಸ್ತೆಯ ಪಕ್ಕ ನಿಂತು ಬಸ್ಸನ್ನು ನೋಡುವವರೆಲ್ಲ ಅದು ನಿಲ್ಲುತ್ತದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿರುತ್ತಾರೆ. ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಹತ್ತುವ ನೀಲಗಿರಿಯ ಪುಟ್ಟ ರೈಲನ್ನಾದರೋ, ಅದು ನಿಲ್ಲಲಿ ಬಿಡಲಿ, ಎಲ್ಲಿಗೂ ಹೋಗುವ ಕೆಲಸವಿಲ್ಲದವರೂ ಬಂದು ನಿಂತು ನೋಡುತ್ತಾರೆ.

ಮೊದಲ ಸಲ ನಾನೂ ಅದನ್ನು ಹಾಗೆ ನಿಂತೇ ನೋಡಿದೆ. ಟಿಕೆಟ್ ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದ ಮಹಾಶಯರೊಬ್ಬರು, ಹೊರಡುವ ಹಿಂದಿನ ದಿನ ವೇಟಿಂಗ್ ಲಿಸ್ಟಿನ ಚೀಟಿಯನ್ನು ಕಳಿಸಿ ಮೌನವ್ರತ ಹಿಡಿದರು. ನಾವು ಗುಂಡ್ಲುಪೇಟೆ, ಬಂಡೀಪುರದ ದಾರಿಯಲ್ಲಿ ಕಾರಿನಲ್ಲೇ ಊಟಿಗೆ ಹೋಗಿ, ಮರುದಿನ ಬೆಳಿಗ್ಗೆ ಕೂನೂರಿನ ಕೆಳಗಿನ ಘಾಟಿಯಲ್ಲಿ ಹಳಿ ಕಾಣುವ ಒಂದು ತಿರುವನ್ನು ಹುಡುಕಿ, ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಕಾದೆವು. ಮೊದಲು ಬಂದದ್ದು ಸದ್ದು: ಯಾರೋ ಭಾರದ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತ ಬಿಡುವ ಏದುಸಿರಿನಂಥ ಸದ್ದು. ಆಮೇಲೆ ಮರಗಳ ತಲೆಯ ಮೇಲೆ ಹೊಗೆ. ಕಾಫಿ ಮುಗಿದು ಲೋಟ ತೊಳೆದಿಟ್ಟ ಮೇಲೂ ರೈಲು ಬರಲಿಲ್ಲ. ಕೊನೆಗೆ ತಿರುವಿನಲ್ಲಿ ಕಾಣಿಸಿಕೊಂಡದ್ದು ಎಂಜಿನ್ ಅಲ್ಲ, ನೀಲಿ ಮತ್ತು ಕೆನೆ ಬಣ್ಣದ ಒಂದು ಡಬ್ಬಿ. ಅದರ ಮುಂದಿನ ಜಗಲಿಯಲ್ಲಿ ಬಾವುಟ ಹಿಡಿದು ನಿಂತಿದ್ದ ಒಬ್ಬ ಮನುಷ್ಯ. "ಅಪ್ಪಾ, ಎಂಜಿನ್ ಇಲ್ಲದೇ ಬರ್ತಾ ಇದೆ!" ಎಂದು ಮಗಳು ಚೀರಿದಳು. ಒಂದೊಂದೇ ಡಬ್ಬಿ ಕಣ್ಣೆದುರು ಹಾದುಹೋದ ಮೇಲೆ, ಎಲ್ಲಕ್ಕೂ ಹಿಂದೆ, ಮೈಯೆಲ್ಲ ಉಗಿ ಸೋರಿಸುತ್ತ, ಎಲ್ಲರನ್ನೂ ನೂಕುತ್ತ ಅದು ಬಂತು.

ಹಿಂದಿನಿಂದ ನೂಕುವುದಕ್ಕೆ ಕಾರಣವಿದೆ. ಕಲ್ಲಾರಿನಿಂದ ಕೂನೂರಿನವರೆಗೆ ಹನ್ನೆರಡು ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರುವಂಥ ಏರು ಇದೆ. ಅಂಥ ಕಡೆ ಡಬ್ಬಿಗಳ ಕೊಂಡಿ ಕಳಚಿಕೊಂಡರೆ ಅವು ಸಲೀಸಾಗಿ ಮೆಟ್ಟುಪಾಳ್ಯದ ದಿಕ್ಕಿಗೆ ಧಾವಿಸಿಯಾವು ಎಂಬ ಭಯಕ್ಕೆ ಎಂಜಿನ್ ಯಾವಾಗಲೂ ಕೆಳಗಡೆಯೇ ಇರುತ್ತದೆ. ಹತ್ತುವಾಗ ನೂಕುತ್ತದೆ, ಇಳಿಯುವಾಗ, ಹೇರು ತುಂಬಿದ ಗಾಡಿ ಇಳಿಜಾರಿಗೆ ಬಂದಾಗ ಎತ್ತುಗಳು ನೊಗಕ್ಕೆ ಕತ್ತು ಕೊಟ್ಟು ತಡೆಯುವ ಹಾಗೆ, ಮುಂದೆ ನಿಂತು ತಡೆಯುತ್ತದೆ.

ಎರಡನೆಯ ಸಲ ಟಿಕೆಟನ್ನು ನಾನೇ ತಿಂಗಳುಗಳ ಮುಂಚೆ ತೆಗೆದೆ. ಮೆಟ್ಟುಪಾಳ್ಯದಲ್ಲಿ ಬೆಳಿಗ್ಗೆ ಏಳು ಗಂಟೆ ದಾಟಿದೊಡನೆ ಹೊರಡುವ ಗಾಡಿ ನಲವತ್ತಾರು ಕಿಲೋಮೀಟರು ಕ್ರಮಿಸಿ ಊಟಿ ಸೇರುವಾಗ ಹೆಚ್ಚು ಕಡಿಮೆ ಮಧ್ಯಾಹ್ನ ಹನ್ನೆರಡಾಗಿರುತ್ತದೆ. ಸೈಕಲ್ಲಿನವನು ಮನಸ್ಸು ಮಾಡಿದರೆ ಹಿಂದೆ ಹಾಕಬಹುದಾದ ವೇಗ ಎಂದು ನನ್ನ ಭಾವಮೈದುನ ಹೀಗಳೆದಿದ್ದ. ಆದರೆ 326 ಮೀಟರ್ ಎತ್ತರದಿಂದ 2,203 ಮೀಟರಿಗೆ ಸೈಕಲ್ ತುಳಿಯುವ ಮನಸ್ಸು ಅವನಿಗೂ ಇದ್ದಂತಿಲ್ಲ. ಕಲ್ಲಾರಿನವರೆಗೆ ಅಡಿಕೆ ತೋಟಗಳ ನಡುವೆ ಗಾಡಿ ಸಮತಟ್ಟಿನಲ್ಲಿ ಸಭ್ಯವಾಗಿ ಹೋಗುತ್ತದೆ. ಅಲ್ಲಿಂದ ಮುಂದೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಎರಡು ಉಕ್ಕಿನ ಪಟ್ಟಿಗಳು ಶುರುವಾಗುತ್ತವೆ. ಒಂದರ ಹಲ್ಲಿನ ಪಕ್ಕಕ್ಕೆ ಇನ್ನೊಂದರ ಸಂದು ಬರುವಂತೆ ಅವನ್ನು ಜೋಡಿಸಿದ್ದಾರೆ, ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಗಾಲಿಗಳಿಗೆ ಯಾವ ಗಳಿಗೆಯಲ್ಲೂ ಹಿಡಿತ ತಪ್ಪಬಾರದೆಂದು. ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್ ಎಂಬವರ ಉಪಾಯ ಇದು. ಇಲ್ಲಿಯ ಹಳೆಯ ಎಂಜಿನ್ನುಗಳೂ ಅದೇ ದೇಶದ ವಿಂಟರ್‌ಟೂರಿನವು. ಈಚೆಗೆ ಅದೇ ಮಾದರಿಯವನ್ನು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲೂ ಕಟ್ಟಿದ್ದಾರೆ. ಬಾಯ್ಲರಿನಿಂದ ಬಂದ ಉಗಿ ಮೊದಲ ಜೋಡಿ ಸಿಲಿಂಡರಿನಲ್ಲಿ ದುಡಿದು ಮಾಮೂಲಿ ಗಾಲಿಗಳನ್ನು ತಿರುಗಿಸುತ್ತದೆ. ಅಲ್ಲಿ ಮಿಕ್ಕ ಕಸುವನ್ನು ಇನ್ನೊಂದು ಜೋಡಿ ಸಿಲಿಂಡರಿಗೆ ಒಯ್ದು ಹಲ್ಲುಗಾಲಿಗಳನ್ನು ತಿರುಗಿಸುತ್ತಾರೆ. ಒಮ್ಮೆ ಹಿಂಡಿದ ತೆಂಗಿನ ತುರಿಗೆ ಮತ್ತೆ ನೀರು ಹಾಕಿ ಎರಡನೆಯ ಹಾಲು ತೆಗೆಯುವ ನಮ್ಮಮ್ಮನ ಲೆಕ್ಕಾಚಾರವೇ ಅಲ್ಲೂ ನಡೆಯುತ್ತಿದೆ ಎಂದು ತಿಳಿದಾಗ ನನಗೆ ಬಹಳ ಸಮಾಧಾನವಾಯಿತು.

ಇಷ್ಟೆಲ್ಲ ನಡೆಯುವುದು ನಮ್ಮ ಬೆನ್ನ ಹಿಂದೆ. ಕೂತವರಿಗೆ ದಕ್ಕುವುದು ಸೀಟಿನ ಮೂಲಕ ಬೆನ್ನಿಗೇರುವ ನಡುಕ ಮತ್ತು ಸದ್ದು ಮಾತ್ರ. ಆ ಸದ್ದಿನಲ್ಲೂ ಎರಡು ತಾಳಗಳು ಒಂದನ್ನೊಂದು ಹಿಂದೆ ಹಾಕಿಕೊಂಡು ಹೋಗುತ್ತಿರುತ್ತವೆ. ಗಾಡಿ ತಿರುವಿನಲ್ಲಿ ಬಾಗಿದಾಗ ಎಲ್ಲರೂ ಕಿಟಕಿಯಿಂದ ಕತ್ತು ಹಾಕಿ ಹಿಂದಕ್ಕೆ ನೋಡುತ್ತಾರೆ. ಕಣಿವೆಯನ್ನು ನೋಡಲು ದುಡ್ಡು ಕೊಟ್ಟು ಬಂದವರು ಕಣಿವೆಗೆ ಬೆನ್ನು ಹಾಕಿ ಎಂಜಿನ್ನಿಗಾಗಿ ಹಂಬಲಿಸುವುದನ್ನು ಕಂಡರೆ ನೀಲಗಿರಿಗೆ ಏನನ್ನಿಸುತ್ತದೆಯೋ. ಈ ದಾರಿಯಲ್ಲಿ 208 ತಿರುವುಗಳಿವೆ, ಆದ್ದರಿಂದ ಅವಕಾಶಗಳಿಗೆ ಕೊರತೆಯಿಲ್ಲ.

ಎಂಜಿನ್ ನಡೆಸುವವನಿಗೂ ಮುಂದಿನ ದಾರಿ ಕಾಣದು. ಅದಕ್ಕಾಗಿಯೇ ಡಬ್ಬಿಗಳ ಜಗಲಿಗಳಲ್ಲಿ ಬ್ರೇಕಿನವರು ನಿಂತಿರುತ್ತಾರೆ; ಮುಂದಿನವರು ಬಾವುಟ ತೋರಿಸಿದರೆ ಆ ಸುದ್ದಿ ಕೈಯಿಂದ ಕೈಗೆ ಹಿಂದಕ್ಕೆ ಹೋಗುತ್ತದೆ. ನಮ್ಮ ಡಬ್ಬಿಯ ಬ್ರೇಕಿನವರ ಅಂಗೈಯನ್ನು ನಾನು ಹತ್ತಿರದಿಂದ ನೋಡಿದೆ. ಬ್ರೇಕಿನ ಚಕ್ರ ತಿರುಗಿಸಿ ತಿರುಗಿಸಿ ಬೆರಳುಗಳ ಬುಡದಲ್ಲಿ ಜಡ್ಡು ಕಟ್ಟಿತ್ತು. ಅದೇ ಕೈಯಲ್ಲಿ ಅವರು ಮಗಳಿಗೆ ಒಂದು ಹಸಿರು ಬಾವುಟವನ್ನು ಎರಡು ನಿಮಿಷ ಹಿಡಿಯಲು ಕೊಟ್ಟು, ಬಿಚ್ಚದಂತೆ ಕಣ್ಣಿನಲ್ಲೇ ಗದರಿದರು.

ನೋಡುವವರಾಗಿಯೂ ಕೂರುವವರಾಗಿಯೂ ಏಕಕಾಲದಲ್ಲಿ ಇರಲು ಒಂದೇ ಉಪಾಯವೆಂದರೆ ಎಂಜಿನ್ನಿಗೆ ಬಾಯಾರಿಕೆಯಾಗುವುದು. ಹಿಲ್‌ಗ್ರೋವಿನಲ್ಲಿ ಗಾಡಿ ನಿಂತೊಡನೆ ಇಡೀ ರೈಲು ಖಾಲಿಯಾಗಿ ಹಿಂದಕ್ಕೆ ಓಡಿತು. ಕೊಳವೆಯನ್ನು ಎಳೆದು ತೊಟ್ಟಿಯ ಬಾಯಿಗಿಟ್ಟು ನೀರು ಬಿಟ್ಟರು. ಕೆಂಡದಂಥ ಕಬ್ಬಿಣದ ಮೇಲೆ ಚೆಲ್ಲಿದ ನೀರು ಚುರ್ ಎಂದು ಆವಿಯಾಯಿತು. ಒಬ್ಬ ಹುಡುಗ ಉದ್ದನೆಯ ಮೂತಿಯ ಎಣ್ಣೆಗಿಂಡಿ ಹಿಡಿದು, ಮನೆಯ ಬಾಗಿಲಿನ ತಿರುಗಣಿಗಳಿಗೆ ಎಣ್ಣೆ ಬಿಡುವ ಅಜ್ಜನ ಶ್ರದ್ಧೆಯಲ್ಲಿ, ಒಂದೊಂದೇ ಕೀಲಿಗೆ ಉಣಿಸುತ್ತ ಬಂದ. ಅರಸೀಕೆರೆಯ ಜಂಕ್ಷನ್ನಿನಲ್ಲಿ ಚಿಕ್ಕಂದಿನಲ್ಲಿ ಇದನ್ನೆಲ್ಲ ನಾನು ಪುಗಸಟ್ಟೆ ನೋಡಿದ್ದೆ. ಕಣ್ಣಿಗೆ ಬಿದ್ದ ಕಲ್ಲಿದ್ದಲ ಚೂರನ್ನು ಅತ್ತೆ ಸೆರಗಿನ ತುದಿಯಿಂದ ತೆಗೆಯುತ್ತಿದ್ದರು. ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ಅಂಥ ಎಂಜಿನ್ನುಗಳು ಬಣ್ಣ ಬಳಿಸಿಕೊಂಡು ನಿಂತಿವೆ, ಮಕ್ಕಳು ಹತ್ತಿಳಿಯುತ್ತಾರೆ, ಆದರೆ ಅವಕ್ಕೆ ಬಾಯಾರುವುದಿಲ್ಲ. ಹಿಲ್‌ಗ್ರೋವಿನಲ್ಲಿ ನಾವು ಎಂಜಿನ್ ನೋಡುತ್ತಿದ್ದಷ್ಟು ಹೊತ್ತು ಕೋತಿಗಳು ಡಬ್ಬಿಯೊಳಗೆ ನಮ್ಮ ಚಪಾತಿಯನ್ನು ನೋಡಿಕೊಂಡವು.

ಕೂನೂರಿನಲ್ಲಿ ಉಗಿ ಎಂಜಿನ್ ಕಳಚಿಕೊಂಡಿತು. ಮುಂದಿನದು ಡೀಸೆಲಿನ ಪಾಲು. ಅರ್ಧದಷ್ಟು ಜನರ ಮುಖ ಬಾಡಿತು. ನಮ್ಮೆದುರಿನ ಸೀಟಿಗೆ ಹೊಸದಾಗಿ ಬಂದು ಕೂತ ಬಡಗ ಅಜ್ಜಿಯೊಬ್ಬರಿಗೆ ಇದೊಂದೂ ಲೆಕ್ಕಕ್ಕಿರಲಿಲ್ಲ. ಬಡಗ ಎಂದರೆ ಉತ್ತರ. ಹಿಂದೆಂದೋ ಬಡಗಣ ದಿಕ್ಕಿನ ಕನ್ನಡ ಸೀಮೆಯಿಂದ ಬೆಟ್ಟ ಹತ್ತಿದವರೆಂದು ಹೇಳುತ್ತಾರೆ. ಅವರ ಮಾತು ನನಗೆ ಅರ್ಧ, ನನ್ನ ಮಾತು ಅವರಿಗೆ ಮುಕ್ಕಾಲು ತಿಳಿಯುತ್ತಿತ್ತು. ನಾವು ಬೆಳಗಿನಿಂದ ಇದೇ ರೈಲಿನಲ್ಲಿ ಕೂತಿದ್ದೇವೆ, ಊಟಿಯಲ್ಲಿ ಏನೂ ಕೆಲಸವಿಲ್ಲ ಎಂದು ಹೇಳಿದಾಗ, ಬಹಳ ಹೊತ್ತು ನಮ್ಮನ್ನು ಮರುಕದಿಂದ ನೋಡಿದರು. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ಬಂದ ಈ ಹಳಿಗೆ 2005ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದೆ ಎಂದು ನಾನು ಅವರಿಗೆ ವಿವರಿಸಹೊರಟು, ಹೆಂಡತಿಯ ಮೊಣಕೈ ತಾಗಿ ಸುಮ್ಮನಾದೆ. ಕೇತಿಯಲ್ಲಿ ಅಜ್ಜಿ ಚೀಲ ಹೆಗಲಿಗೇರಿಸಿ ಇಳಿದು, ತಿರುಗಿಯೂ ನೋಡದೆ ಕಾಲುದಾರಿ ಹಿಡಿದರು.

ಮರುದಿನ ಮಧ್ಯಾಹ್ನ ನಾವು ಟ್ಯಾಕ್ಸಿಯಲ್ಲಿ ಘಾಟಿ ಇಳಿಯುತ್ತಿದ್ದಾಗ ಎಲ್ಲೋ ಸೀಟಿ ಕೇಳಿಸಿತು. ನಿಲ್ಲಿಸಿ, ನಿಲ್ಲಿಸಿ ಎಂದು ನಾವು ಮೂವರೂ ಒಟ್ಟಿಗೇ ಕೂಗಿದೆವು. ಡ್ರೈವರ್ ಜಾಗ ಹುಡುಕಿ ಗಾಡಿ ನಿಲ್ಲಿಸುವಷ್ಟರಲ್ಲಿ ರೈಲು ಸುರಂಗದೊಳಗೆ ಹೋಗಿಯಾಗಿತ್ತು. ಒಳಗಿನ ಮಕ್ಕಳೂ ದೊಡ್ಡವರೂ ಸೇರಿ ಕೂಗುವ ಹೋ ಎಂಬ ಸದ್ದು ಮಾತ್ರ ಕೇಳುತ್ತಿತ್ತು. ಸುರಂಗದ ಬಾಯಿಂದ ಹೊಗೆ ಮೆಲ್ಲನೆ ಹೊರಬಂದು, ಎತ್ತ ಹೋಗಲಿ ಎಂಬಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.