ಸ್ಪಷ್ಟನೆ: ಪರಮಾಣುವಿನೊಳಗೆ ನ್ಯೂಟನ್ ನಿಯಮಗಳು

‘ಕ್ವಾಂಟಂ ವಿಜ್ಞಾನ ನ್ಯೂಟನ್ ನಿಯಮಗಳನ್ನು ಸುಳ್ಳು ಮಾಡಿದೆ, ಪರಮಾಣುವಿನೊಳಗೆ ಯಾವ ನಿಯಮವೂ ಇಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಜೊತೆಗೆ, ಎಲೆಕ್ಟ್ರಾನ್‌ಗಳು ಗ್ರಹಗಳಂತೆ ಸುತ್ತುವ ಚಿತ್ರ. ಎರಡೂ ತಪ್ಪು.

ಎಲೆಕ್ಟ್ರಾನ್ ಹಾಗೆ ಸುತ್ತುತ್ತಿದ್ದರೆ, ಹಳೆಯ ಭೌತಶಾಸ್ತ್ರದ ಲೆಕ್ಕದಂತೆ ಅದು ಸತತವಾಗಿ ವಿಕಿರಣ ಸೂಸಿ, ಸೆಕೆಂಡಿನ ಸಾವಿರ ಕೋಟಿಯ ಒಂದು ಪಾಲು ಕಳೆಯುವ ಮೊದಲೇ ನ್ಯೂಕ್ಲಿಯಸ್‌ಗೆ ಬಿದ್ದಿರುತ್ತಿತ್ತು.

ಪರಮಾಣುಗಳ ಜಗತ್ತನ್ನು ವಿವರಿಸುವ ಕ್ವಾಂಟಂ ವಿಜ್ಞಾನದ ಪ್ರಕಾರ ಚಲಿಸುವ ಪ್ರತಿ ವಸ್ತುವಿಗೂ ಅಲೆಯ ಗುಣವಿದೆ. ದೊಡ್ಡ ವಸ್ತುವಿಗೂ ಎಲೆಕ್ಟ್ರಾನ್‌ಗೂ ವ್ಯತ್ಯಾಸ ಇರುವುದು ಆ ಅಲೆಯ ಉದ್ದದಲ್ಲಿ, ಅಂದರೆ ತರಂಗದೂರದಲ್ಲಿ. ಅದನ್ನು ತಿಳಿಯಲು, ಪ್ಲ್ಯಾಂಕ್ ಸ್ಥಿರಾಂಕವನ್ನು (ಕ್ವಾಂಟಂ ವಿಜ್ಞಾನದ ಒಂದು ಅತಿ ಚಿಕ್ಕ ಸ್ಥಿರ ಸಂಖ್ಯೆ) ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧದಿಂದ ಭಾಗಿಸಿ ನೋಡಿ. ಸೆಕೆಂಡಿಗೆ 40 ಮೀಟರ್ ಸಾಗುವ 160 ಗ್ರಾಂ ಕ್ರಿಕೆಟ್ ಚೆಂಡಿಗೆ ಬರುವ ಉತ್ತರ ಮೀಟರ್‌ಗಳಲ್ಲಿ ದಶಮಾಂಶ ಬಿಂದುವಿನ ನಂತರ 33 ಸೊನ್ನೆ, ಆಮೇಲೆ 1. ಯಾವ ಉಪಕರಣಕ್ಕೂ ಅದು ಸಿಗದು, ಹಾಗಾಗಿ ನ್ಯೂಟನ್ ಲೆಕ್ಕವೇ ಸಾಕು. ಹೈಡ್ರೋಜನ್‌ನ ಎಲೆಕ್ಟ್ರಾನ್‌ಗೆ ಬರುವುದು ಸುಮಾರು 0.33 ನ್ಯಾನೋಮೀಟರ್. ಪರಮಾಣುವಿನ ವ್ಯಾಸವೇ 0.1 ನ್ಯಾನೋಮೀಟರ್ ಆಸುಪಾಸು! ಅಲ್ಲಿ ‘ಪಥ’ ಎಂಬ ಮಾತಿಗೇ ಅರ್ಥವಿಲ್ಲ.

ಹಾಗೆಂದು ಅರಾಜಕತೆಯೇನೂ ಇಲ್ಲ. ಕ್ವಾಂಟಂ ವಿಜ್ಞಾನದ ಮೂಲ ಸೂತ್ರವಾದ ಶ್ರೋಡಿಂಗರ್ ಸಮೀಕರಣ ಹೈಡ್ರೋಜನ್‌ನ 13.6 ಎಲೆಕ್ಟ್ರಾನ್‌ವೋಲ್ಟ್ ಬಂಧನ ಶಕ್ತಿಯನ್ನು (ಎಲೆಕ್ಟ್ರಾನನ್ನು ಪರಮಾಣುವಿನಿಂದ ಬಿಡಿಸಲು ಬೇಕಾದ ಶಕ್ತಿ) ಕರಾರುವಾಕ್ಕಾಗಿ ಕೊಡುತ್ತದೆ. ಶಕ್ತಿ, ಸಂವೇಗಗಳ ಸಂರಕ್ಷಣೆ ಅಲ್ಲೂ ಉಂಟು. ದೊಡ್ಡ ವಸ್ತುಗಳಿಗೆ ಬಂದಾಗ ಸ್ಥಾನ, ಸಂವೇಗಗಳ ಕ್ವಾಂಟಂ ಸರಾಸರಿಗಳು ನ್ಯೂಟನ್ ನಿಯಮವನ್ನೇ ಪಾಲಿಸುತ್ತವೆಂದು 1927ರಲ್ಲೇ ಭೌತವಿಜ್ಞಾನಿ ಪಾಲ್ ಎಹ್ರೆನ್‌ಫೆಸ್ಟ್ ತೋರಿಸಿದ್ದರು.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ, ವಿದ್ಯಾರ್ಥಿಗಳ ಗ್ರೂಪ್‌ಗಳಿಗಂತೂ ಬೇಡವೇ ಬೇಡ.